ಕಾಲರ್ ಹಿಡಿದವನನ್ನು ಹೊಡೆಯದೆ ಬಂದ ನಾನು ಹೇಡಿಯೇ?

ಈ ಸಲ ಬಂದ ಕಾಗದಗಳಲ್ಲಿ ನಾಲ್ಕು ಒಂದೇ ವಿಷಯವನ್ನು ಬೇರೆ ಬೇರೆ ಬಾಗಿಲಿನಿಂದ ಹೊಕ್ಕಂತಿದ್ದವು: ಕರಾಟೆ, ಕುಸ್ತಿ, ಬಾಕ್ಸಿಂಗಿನಂಥ ವಿದ್ಯೆಗಳು ಮನುಷ್ಯನಿಗೆ ನಿಜವಾದ ಆತ್ಮವಿಶ್ವಾಸವನ್ನು, ಗಂಡಸಿಗೆ ಗಂಡಸುತನವನ್ನು ತಂದುಕೊಡುತ್ತವೆಯೇ ಎಂಬುದು. ಆದ್ದರಿಂದ ನಾಲ್ಕನ್ನೂ ಒಟ್ಟಿಗೆ ತೆಗೆದುಕೊಂಡಿದ್ದೇನೆ. ಮೊದಲ ಕಾಗದಕ್ಕೆ ಉತ್ತರ ಉದ್ದವಾಯಿತು. ಉಳಿದ ಮೂವರು ಮುನಿಸಿಕೊಳ್ಳಬಾರದು.

ಪ್ರಶ್ನೆ: ನನಗೆ 29 ವರ್ಷ. ಊರು ದಾವಣಗೆರೆ, ಕೆಲಸ ಬೆಂಗಳೂರಿನಲ್ಲಿ. ಹೈಸ್ಕೂಲಿನಲ್ಲಿ ಕಡ್ಡಿಯಂತಿದ್ದ ನನ್ನನ್ನು ಹುಡುಗರು ‘ಹೆಣ್ಣಿಗ’ ಎಂದು ಕರೆಯುತ್ತಿದ್ದರು. ಅಳುತ್ತಾ ಮನೆಗೆ ಬಂದರೆ ‘ಗಂಡಸಾಗೋದು ಯಾವಾಗ ನೀನು?’ ಎಂದು ಅಪ್ಪ ಕೇಳುತ್ತಿದ್ದರು. ಆ ಮಾತು ಕೊರೆಯುತ್ತಲೇ ಇದ್ದುದರಿಂದ ಎರಡೂವರೆ ವರ್ಷದ ಹಿಂದೆ ಕಿಕ್‌ಬಾಕ್ಸಿಂಗ್ ತರಗತಿಗೆ ಸೇರಿದೆ. ಮೈ ಗಟ್ಟಿಯಾಯಿತು, ನಡಿಗೆ ಬದಲಾಯಿತು, ಇನ್ನು ನಾನು ಹಳೆಯ ಹುಡುಗನಲ್ಲ ಎಂದುಕೊಂಡಿದ್ದೆ. ಕಳೆದ ತಿಂಗಳು ಬನಶಂಕರಿ ಕಡೆಯ ಸಿಗ್ನಲ್ಲಿನಲ್ಲಿ ನನ್ನ ಸ್ಕೂಟರ್ ಒಂದು ಕಾರಿನ ಕನ್ನಡಿಗೆ ತಾಗಿತು. ಕಾರಿನವನು ಇಳಿದು ಬಂದು ಹೆಂಡತಿಯ ಎದುರಿಗೇ ನನ್ನ ಕಾಲರ್ ಹಿಡಿದು ಅಮ್ಮನ ಹೆಸರೆತ್ತಿ ಬೈದ. ಬಾಯಿ ಒಣಗಿತು, ಕೈ ನಡುಗಿತು. ಬಲಗಾಲು ತಾನಾಗಿಯೇ ಒಂದು ಹೆಜ್ಜೆ ಹಿಂದೆ ಸರಿಯಿತು. ಹೆಂಡತಿಯನ್ನು ಬೆನ್ನ ಹಿಂದಕ್ಕೆ ಎಳೆದುಕೊಂಡು, ‘ತಪ್ಪಾಯ್ತು ಸರ್, ಕನ್ನಡಿ ದುಡ್ಡು ಕೊಡ್ತೀನಿ’ ಎಂದೆ. ಅವನು ಇನ್ನೊಂದಿಷ್ಟು ಬೈದು ಹೊರಟುಹೋದ. ವಿಷಯ ತಿಳಿದ ನನ್ನ ಭಾವಮೈದ, ‘ಎರಡೂವರೆ ವರ್ಷ ಫೀಸು ಕಟ್ಟಿ ಕಲಿತದ್ದು ಕೈ ಮುಗಿಯೋಕಾ ಭಾವ?’ ಎಂದು ನಕ್ಕ. ಆ ದಿನದಿಂದ ತರಗತಿಗೆ ಹೋಗಿಲ್ಲ, ನಿದ್ದೆಯೂ ಸರಿಯಾಗಿಲ್ಲ. ನಾನು ಕಲಿತದ್ದು ನಿಜವಾದ ಧೈರ್ಯವೋ, ಬರೀ ವೇಷವೋ?
— ಹೆಸರು ಬೇಡ, ಬೆಂಗಳೂರು

ಉತ್ತರ: ನಿಮ್ಮ ಕಾಗದವನ್ನು ಎರಡು ಸಲ ಓದಿದೆ, ಎರಡನೆಯ ಸಲ ನನ್ನ ಕಣ್ಣು ನಿಂತದ್ದು ಬಲಗಾಲಿನ ಮೇಲೆ. ಅದು ಹಿಂದೆ ಸರಿದದ್ದನ್ನು ನೀವು ಹಿಮ್ಮೆಟ್ಟಿದ ಗುರುತೆಂದು ನಾಚಿಕೆಯಿಂದ ಬರೆದಿದ್ದೀರಿ. ಆದರೆ ಕಿಕ್‌ಬಾಕ್ಸಿಂಗ್ ತರಗತಿಯಲ್ಲಿ ಬಲಗೈ ರೂಢಿಯವರಿಗೆ ಮೊದಲ ದಿನ ಹೇಳಿಕೊಡುವ ನಿಲುವು ಯಾವುದು ನೆನಪಿಸಿಕೊಳ್ಳಿ: ಎಡಗಾಲು ಮುಂದೆ, ಬಲಗಾಲು ಹಿಂದೆ, ಭಾರ ಎರಡರ ಮೇಲೂ ಸಮ. ಕಾಲರ್ ಹಿಡಿದ ಕ್ಷಣದಲ್ಲಿ ನಿಮ್ಮ ಕಾಲು ಓಡಲಿಲ್ಲ, ನಿಂತಿತು. ಅದೇ ಹೊತ್ತಿನಲ್ಲಿ ಹೆಂಡತಿಯನ್ನು ಬೆನ್ನ ಹಿಂದಕ್ಕೆ ತಂದುಕೊಂಡಿರಿ. ಭಯದಿಂದ ಕಣ್ಣು ಕತ್ತಲಿಟ್ಟವನು ಇವೆರಡರಲ್ಲಿ ಒಂದನ್ನೂ ಮಾಡುವುದಿಲ್ಲ; ಅವನು ಮರಗಟ್ಟಿ ನಿಲ್ಲುತ್ತಾನೆ, ಇಲ್ಲವೇ ಕಣ್ಣು ಮುಚ್ಚಿ ಕೈ ಬೀಸುತ್ತಾನೆ. ನೀವು ಕಲಿತದ್ದು ಅಲ್ಲಿ ಬಂದಿತ್ತು. ಬಂದದ್ದನ್ನು ನೀವು ಗುರುತಿಸಲಿಲ್ಲ, ಅಷ್ಟೇ.

ಹಾಗೆಂದು ‘ನೀವು ಮಹಾ ಸಂಯಮ ತೋರಿಸಿದಿರಿ’ ಎಂದು ಬೆನ್ನು ತಟ್ಟಿ ಮುಗಿಸುವವನೂ ನಾನಲ್ಲ. ಸಂಯಮಕ್ಕೂ ಭಯಕ್ಕೂ ಹೊರಗಿನಿಂದ ಒಂದೇ ಮುಖ. ಅಂದು ನಿಮ್ಮೊಳಗೆ ಎರಡೂ ಇದ್ದಿರಬೇಕು, ಇದ್ದರೆ ತಪ್ಪೂ ಇಲ್ಲ. ಬಾಯಿ ಒಣಗುವುದು, ಕೈ ನಡುಗುವುದು ಹೇಡಿತನದ ಲಕ್ಷಣವಲ್ಲ. ಅಪಾಯವನ್ನು ಕಂಡ ಮೈ ಅಡ್ರಿನಲಿನ್ ಹರಿಸಿ, ರಕ್ತವನ್ನು ದೊಡ್ಡ ಸ್ನಾಯುಗಳ ಕಡೆಗೆ ತಿರುಗಿಸುವಾಗ ಯಾರಿಗಾದರೂ ಆಗುವ ಕ್ರಿಯೆ ಅದು. ದಸರಾ ಕುಸ್ತಿಯ ಕಣಕ್ಕಿಳಿಯುವ ಮೊದಲು ಮೂರು ಮೂರು ಸಲ ಮೂತ್ರಕ್ಕೆ ಎದ್ದು ಹೋಗುತ್ತಿದ್ದ ಪೈಲ್ವಾನರನ್ನು ನಾನು ಬಲ್ಲೆ, ಅವರಲ್ಲಿ ಕೆಲವರು ಆ ಸಂಜೆ ಗದೆ ಹೊತ್ತು ಬಂದವರೇ. ವರ್ಷಗಟ್ಟಲೆ ಸಾಮು ಮಾಡಿದವರಲ್ಲಿ ನಡುಕ ಇಲ್ಲದೆ ಹೋಗುವುದಿಲ್ಲ. ನಡುಗುವ ಕೈಯಿಂದಲೇ ಕೆಲಸ ಮಾಡುವುದು ಅವರಿಗೆ ಅಭ್ಯಾಸವಾಗಿರುತ್ತದೆ.

ಈ ಅಭ್ಯಾಸ ಎಲ್ಲಿಂದ ಬರುತ್ತದೆ ಎಂಬುದೇ ನಿಮ್ಮ ಪ್ರಶ್ನೆಯ ತಿರುಳಾದ್ದರಿಂದ, ನನ್ನದೇ ಒಂದು ಅನುಭವವನ್ನು ಹೇಳಬೇಕು. ನಾನು 32 ವರ್ಷ ಶಾಲೆಯಲ್ಲಿ ದೈಹಿಕ ಶಿಕ್ಷಣದ ಮೇಷ್ಟರಾಗಿದ್ದವನು, ಜೂಡೋ ಹೇಳಿಕೊಟ್ಟವನು. ಅದಕ್ಕೂ ಮೊದಲು, 14ನೆಯ ವಯಸ್ಸಿನಲ್ಲಿ, ಮೈಸೂರಿನ ಒಂದು ಗರಡಿ ಮನೆಯ ಮಣ್ಣು ಅಗೆದವನು. ಆ ಗರಡಿಯ ಬಾಗಿಲು ತಗ್ಗಾಗಿತ್ತು, ತಲೆ ಬಗ್ಗಿಸದೆ ಒಳಗೆ ಕಾಲಿಡುವಂತಿರಲಿಲ್ಲ. ಮೊದಲ ದಿನವೇ ಪಟ್ಟು ಕಲಿಸುತ್ತಾರೆಂದು ಹೋದ ನನ್ನ ಕೈಗೆ ಉಸ್ತಾದರು ಗುದ್ದಲಿ ಕೊಟ್ಟರು. ಒಂದು ತಿಂಗಳು ನಾನು ಮಾಡಿದ್ದು ಮಟ್ಟಿ ಅಗೆಯುವುದು, ಹೆಂಟೆ ಒಡೆಯುವುದು, ಸಣ್ಣ ಕಲ್ಲುಗಳನ್ನು ಆರಿಸುವುದು, ಮಿಕ್ಕ ಹೊತ್ತಿನಲ್ಲಿ ಬಸ್ಕಿ ಹೊಡೆಯುವುದು. ಆಮೇಲೆ ಒಂದು ಸಂಜೆ ನನ್ನ ಹೆಗಲಿಗೂ ಬಾರದ ಹಾಲಿನವರ ಹುಡುಗನೊಬ್ಬನ ಎದುರು ಇಳಿಸಿದರು. ಅವನು ನನ್ನ ಕುತ್ತಿಗೆಗೆ ಕೈ ಹಾಕಿದ್ದಷ್ಟೇ ಗೊತ್ತು. ಮರುಗಳಿಗೆಯಲ್ಲಿ ನಾನು ಅಂಗಾತ ಮಲಗಿ ಸೂರಿನ ತೊಲೆಗಳನ್ನು ನೋಡುತ್ತಿದ್ದೆ, ಬಾಯಲ್ಲಿ ಎಣ್ಣೆ, ಅರಿಶಿನ ಬೆರೆತ ಮಣ್ಣಿನ ರುಚಿ. ಅತ್ತ ಕಲ್ಲಿನ ಮೇಲೆ ಕುಳಿತು ನೆನೆಸಿದ ಬಾದಾಮಿಯ ಸಿಪ್ಪೆ ಬಿಡಿಸುತ್ತಿದ್ದ ಉಸ್ತಾದರು ತಲೆಯೆತ್ತದೆಯೇ ‘ಏಳು, ಇನ್ನೊಂದು ಸಲ’ ಎಂದರು. ಆ ಸಂಜೆ 11 ಸಲ ಬಿದ್ದೆ. ನಾಲ್ಕನೆಯ ಸಲದ ತನಕ ಅವಮಾನವಿತ್ತು. ಏಳೆಂಟರ ಹೊತ್ತಿಗೆ ಸಿಟ್ಟೂ ಇಳಿಯಿತು. ಕೊನೆಕೊನೆಗೆ ಈ ಪುಟ್ಟ ಹುಡುಗ ನನ್ನನ್ನು ಅದು ಹೇಗೆ ಕೆಡವುತ್ತಾನೆ ಎಂಬ ಕುತೂಹಲವೊಂದೇ ಉಳಿದಿತ್ತು. ನನಗೆ ಬಂದ ಆತ್ಮವಿಶ್ವಾಸ ಏನಾದರೂ ಇದ್ದರೆ ಅದು ಆ ಸಂಜೆಯದು, ಮುಂದೆ ಗೆದ್ದ ಯಾವ ಜೋಡಿ ಕುಸ್ತಿಯದೂ ಅಲ್ಲ.

ಜೂಡೋ ಕಲಿಯಲು ಹೋದಾಗ ಇದೇ ಪಾಠ ಶಾಸ್ತ್ರವಾಗಿ ಸಿಕ್ಕಿತು. ಅಲ್ಲಿ ಯಾರನ್ನಾದರೂ ಎತ್ತಿ ಹಾಕುವುದಕ್ಕೆ ಮೊದಲು ‘ಉಕೆಮಿ’ ಎಂಬ ಬೀಳುವ ವಿದ್ಯೆಯನ್ನು ವಾರಗಟ್ಟಲೆ ಮಾಡಿಸುತ್ತಾರೆ: ಗದ್ದವನ್ನು ಎದೆಗೆ ಒತ್ತಿಕೊಂಡು, ತಲೆ ನೆಲಕ್ಕೆ ತಾಗದಂತೆ, ಅಂಗೈಯಿಂದ ಚಾಪೆಯನ್ನು ಬಡಿದು ಪೆಟ್ಟನ್ನು ಹಂಚಿಬಿಡುವುದು. 1882ರಲ್ಲಿ ಟೋಕಿಯೋದಲ್ಲಿ ಕೊಡೊಕಾನ್ ಶಾಲೆಯನ್ನು ಕಟ್ಟಿ ಜೂಡೋವನ್ನು ರೂಪಿಸಿದ ಜಿಗೊರೊ ಕಾನೊ ಸ್ವತಃ ಹುಡುಗತನದಲ್ಲಿ ಕುಳ್ಳಗೆ, ಪೀಚಾಗಿದ್ದು ಸಹಪಾಠಿಗಳಿಂದ ಪೆಟ್ಟು ತಿನ್ನುತ್ತಿದ್ದವರು. ನಿಮ್ಮ ಹೈಸ್ಕೂಲಿನ ಕಥೆಯೇ. ಅವರು ಜುಜುತ್ಸು ಎಂಬ ಜಪಾನಿನ ಹಳೆಯ ಕಾಳಗವಿದ್ಯೆ ಕಲಿಯಲು ಹೋದದ್ದು ಪೆಟ್ಟು ತಪ್ಪಿಸಿಕೊಳ್ಳುವುದಕ್ಕೆ, ಆದರೆ ಕೊನೆಗೆ ಕಟ್ಟಿದ್ದು ಒಂದು ಶಿಕ್ಷಣ ಪದ್ಧತಿಯನ್ನು. ಅದರ ಎರಡು ಸೂತ್ರಗಳಲ್ಲಿ ಒಂದು ಬಲದ ಸದ್ಬಳಕೆಯ ಬಗ್ಗೆ, ಇನ್ನೊಂದು ಪರಸ್ಪರ ಹಿತದ ಬಗ್ಗೆ. ಎದುರಾಳಿಯನ್ನು ಮುಗಿಸುವ ಮಾತು ಎರಡರಲ್ಲೂ ಇಲ್ಲ. ಜೂಡೋದಲ್ಲಿ ಇನ್ನೂ ಒಂದು ಪದ್ಧತಿಯಿದೆ. ಎದುರಾಳಿಯ ಹಿಡಿತದಿಂದ ಬಿಡಿಸಿಕೊಳ್ಳಲಾಗದಿದ್ದರೆ ಅವನ ಮೈಯನ್ನೋ ಚಾಪೆಯನ್ನೋ ಎರಡು ಸಲ ತಟ್ಟಬೇಕು. ತಟ್ಟಿದ ಕೂಡಲೇ ಅವನು ಬಿಡಬೇಕು. ‘ಈಗ ನಾನು ಸೋತೆ’ ಎಂದು ಬಾಯಿಬಿಟ್ಟು ಹೇಳುವುದು ನಮ್ಮ ಗಂಡುಮಕ್ಕಳಿಗೆ ಬೇರೆ ಎಲ್ಲಿಯೂ ಯಾರೂ ಕಲಿಸುವುದಿಲ್ಲ. ಒಂದು ಸಂಜೆಗೆ ಹತ್ತು ಸಲ ತಟ್ಟಿ, ಹತ್ತು ಸಲವೂ ಎದ್ದು ನಮಸ್ಕರಿಸಿ, ಮತ್ತೆ ಹಿಡಿತಕ್ಕೆ ಹೋಗುವ ಹುಡುಗನಿಗೆ ಸೋಲು ಒಂದು ಸುದ್ದಿ ಮಾತ್ರ ಆಗುತ್ತದೆ, ತೀರ್ಪಾಗುವುದಿಲ್ಲ.

ಆದ್ದರಿಂದ ನಿಮ್ಮ ಮೊದಲ ಪ್ರಶ್ನೆಗೆ ನನ್ನ ಉತ್ತರ: ಹೌದು, ಈ ವಿದ್ಯೆಗಳು ಕೊಡುವ ಆತ್ಮವಿಶ್ವಾಸ ನಿಜವಾದದ್ದೇ, ಆದರೆ ಜಾಹೀರಾತಿನವರು ಹೇಳುವುದಕ್ಕಿಂತ ಅದರ ಅಗಲ ಕಡಿಮೆ. ಮನಶ್ಶಾಸ್ತ್ರಜ್ಞ ಆಲ್ಬರ್ಟ್ ಬಂಡೂರಾ 1977ರಿಂದಲೇ ವಿವರಿಸುತ್ತಾ ಬಂದಂತೆ, ‘ನನ್ನಿಂದ ಇದಾಗುತ್ತದೆ’ ಎಂಬ ನಂಬಿಕೆ ಹೊಗಳಿಕೆಯಿಂದ ಹುಟ್ಟುವುದಕ್ಕಿಂತ ಹೆಚ್ಚಾಗಿ ಆ ಕೆಲಸವನ್ನು ಕೈಯಾರೆ ಮಾಡಿ ದಾಟಿದ ಅನುಭವದಿಂದ ಹುಟ್ಟುತ್ತದೆ, ಮತ್ತು ಅದು ಬಹುಮಟ್ಟಿಗೆ ಆಯಾ ಕೆಲಸಕ್ಕೆ ಅಂಟಿಕೊಂಡೇ ಇರುತ್ತದೆ. ಚಾಪೆಯ ಮೇಲೆ ಸಿಂಹದಂತಿದ್ದವನು ಮೇಲಧಿಕಾರಿಯ ಎದುರು ಸಂಬಳದ ಮಾತೆತ್ತಲು ತೊದಲುವುದನ್ನೂ, ಈಜು ಬಾರದೆ ಕೆರೆಯ ದಂಡೆಯಲ್ಲಿ ನಡುಗುವುದನ್ನೂ ನಾನು ಬೇಕಾದಷ್ಟು ಕಂಡಿದ್ದೇನೆ. ನಿಮ್ಮ ಎರಡೂವರೆ ವರ್ಷದ ಅಭ್ಯಾಸದಲ್ಲಿ ಕೈಗವಸು, ಗಂಟೆ, ತೀರ್ಪುಗಾರ, ಒಪ್ಪಿಬಂದ ಎದುರಾಳಿ ಎಲ್ಲವೂ ಇದ್ದವು. ನಡುಬೀದಿಯಲ್ಲಿ ಅಮ್ಮನ ಹೆಸರೆತ್ತಿ ಬೈಸಿಕೊಳ್ಳುವ ಅಭ್ಯಾಸ ಅದರಲ್ಲಿ ಇರಲಿಲ್ಲ. ಅಂದು ನಿಮ್ಮನ್ನು ಅಲುಗಾಡಿಸಿದ್ದು ಅವನ ಮುಷ್ಟಿಯಲ್ಲ, ಅವನ ನಾಲಿಗೆ. ಅದಕ್ಕೆ ನಿಮ್ಮ ಗುರುಗಳು ಗಾರ್ಡ್ ಕಲಿಸಿರಲಿಲ್ಲ.

ಕಲಿಸುವ ರೀತಿಯಿಂದ ಫಲವೇ ತಿರುವುಮುರುವಾಗುತ್ತದೆ ಎಂಬುದಕ್ಕೆ ಎರಡು ಅಧ್ಯಯನಗಳನ್ನು ಹೇಳಬಹುದು. 1986ರಲ್ಲಿ ಅಮೆರಿಕದ ಮೈಕೆಲ್ ಟ್ರಲ್ಸನ್ ಪುಂಡಾಟದ ದಾರಿ ಹಿಡಿದಿದ್ದ 13ರಿಂದ 17ರ ಹುಡುಗರ ಒಂದು ಚಿಕ್ಕ ತಂಡವನ್ನು ಮೂರು ಗುಂಪು ಮಾಡಿ ಆರು ತಿಂಗಳು ನೋಡಿದರು. ಧ್ಯಾನ, ಗೌರವದ ರೀತಿನೀತಿ, ತತ್ತ್ವದ ಮಾತು ಸೇರಿದ, ಟೇಕ್ವಾಂಡೋ ಎಂಬ ಕೊರಿಯಾದ ಸಮರಕಲೆಯನ್ನು ಸಾಂಪ್ರದಾಯಿಕವಾಗಿ ಕಲಿತ ಗುಂಪಿನಲ್ಲಿ ಆಕ್ರಮಣಶೀಲತೆ, ಆತಂಕಗಳು ಇಳಿದು ಸ್ವಾಭಿಮಾನ ಏರಿತು; ಅದೇ ಒದೆತ, ಅದೇ ಗುದ್ದುಗಳನ್ನು ಹೊಡೆದಾಟದ ವಿದ್ಯೆಯಾಗಿ ಮಾತ್ರ ಕಲಿತ ಗುಂಪಿನಲ್ಲಿ ಆಕ್ರಮಣಶೀಲತೆ ಹೆಚ್ಚಿತು. ಶಾಲೆಗಳಲ್ಲಿ ಮಕ್ಕಳನ್ನು ಪೀಡಿಸುವುದರ ಬಗ್ಗೆ ಜೀವಮಾನವೆಲ್ಲ ಕೆಲಸ ಮಾಡಿದ ಡಾನ್ ಓಲ್ವೆಯುಸ್ ತಮ್ಮ ಸಹೋದ್ಯೋಗಿ ಎಂಡ್ರೆಸೆನ್ ಜೊತೆ 2005ರಲ್ಲಿ ಪ್ರಕಟಿಸಿದ ನಾರ್ವೆಯ ಅಧ್ಯಯನವಂತೂ ಇನ್ನೂ ಕಹಿ: ಬಾಕ್ಸಿಂಗ್, ಕುಸ್ತಿ, ಭಾರ ಎತ್ತುವುದು, ಪೂರ್ವದೇಶಗಳ ಸಮರಕಲೆಗಳು ಇವುಗಳಲ್ಲಿ ತೊಡಗಿದ ಹುಡುಗರಲ್ಲಿ ಮೈದಾನದ ಹೊರಗಿನ ಜಗಳಗಂಟತನ ಕಡಿಮೆಯಾಗುವ ಬದಲು ಹೆಚ್ಚಿದ್ದು ಅಲ್ಲಿ ಕಂಡುಬಂತು. ಇದು ನನಗೆ ಆಶ್ಚರ್ಯವಲ್ಲ. ಪುಢಾರಿಗಳ ಹಿಂದೆ, ಬಡ್ಡಿ ವಸೂಲಿಯವರ ಹಿಂದೆ ಕೈಕಟ್ಟಿ ನಿಲ್ಲುವವರಲ್ಲಿ ಗರಡಿಯ ಮಣ್ಣು ಮೆತ್ತಿಸಿಕೊಂಡವರೂ ಇದ್ದಾರೆ.

ಇನ್ನು ಗಂಡಸುತನ. ಇದರ ಬಗ್ಗೆ ನಮ್ಮ ಹಳಬರ ತಿಳಿವಳಿಕೆ ಜಿಮ್ಮಿನ ಗೋಡೆಯ ಮೇಲಿನ ಘೋಷಣೆಗಳಿಗಿಂತ ಸೂಕ್ಷ್ಮವಾಗಿತ್ತು ಎಂದು ನನ್ನ ಅಭಿಪ್ರಾಯ. ಗರಡಿಯಲ್ಲಿ ಉಸ್ತಾದರು ಪೌರುಷದ ಮಾತು ಎತ್ತುತ್ತಿದ್ದುದೇ ಕಡಿಮೆ. ‘ಕೈ, ಬಾಯಿ, ಕಚ್ಚೆ ಶುದ್ಧವಾಗಿರಲಿ’ ಎನ್ನುತ್ತಿದ್ದರು, ಅಂದರೆ ಕದಿಯಬೇಡ, ಬಾಯಿಗೆ ಬಂದಂತೆ ಆಡಬೇಡ, ಹೆಂಗಸರ ವಿಷಯದಲ್ಲಿ ನೇರವಾಗಿರು. ಮೂರೂ ತಡೆಹಿಡಿಯುವ ಮಾತುಗಳೇ. ಮೈಸೂರು ಅರಮನೆಯಲ್ಲಿ ವಿಜಯದಶಮಿಯ ದಿನ ನಡೆಯುವ ವಜ್ರಮುಷ್ಟಿ ಕಾಳಗವನ್ನು ನೋಡಿ. ತಲೆ ಬೋಳಿಸಿಕೊಂಡ ಇಬ್ಬರು ಜೆಟ್ಟಿಗಳು ಮೊನೆಗಳಿರುವ ಆಯುಧವನ್ನು ಮುಷ್ಟಿಯಲ್ಲಿ ಹಿಡಿದು ಎದುರುಬದುರಾಗುತ್ತಾರೆ. ನಮ್ಮ ನಾಡಿನ ಕಾಳಗಗಳಲ್ಲಿ ನೋಡಲು ಅದರಷ್ಟು ಭಯಂಕರವಾದದ್ದು ಇನ್ನೊಂದಿಲ್ಲ. ಆದರೆ ಒಬ್ಬನ ನೆತ್ತಿಯಲ್ಲಿ ರಕ್ತ ಚಿಮ್ಮಿದ ಕ್ಷಣವೇ ಕಾಳಗ ಮುಗಿಯುತ್ತದೆ. ವರ್ಷವಿಡೀ ತಾಲೀಮು ಮಾಡಿ ಬಂದವರು ಕೆಲವೇ ಕ್ಷಣಗಳಲ್ಲಿ ಕೈ ಇಳಿಸುತ್ತಾರೆ. ಎಲ್ಲಿ ನಿಲ್ಲಿಸಬೇಕೆಂಬುದು ಹೊಡೆಯುವುದರಷ್ಟೇ ಖಚಿತವಾಗಿ ಗೊತ್ತಿರುವುದು ಅಲ್ಲಿಯ ವಿದ್ಯೆ. (ಗರಡಿಯನ್ನು ಇಷ್ಟು ಹೊಗಳಿದ ಮೇಲೆ ಇದನ್ನೂ ಹೇಳದಿದ್ದರೆ ಅಪ್ರಾಮಾಣಿಕತೆಯಾದೀತು: ಅದೇ ಗರಡಿ ಹೆಂಗಸರನ್ನು ಹೊಸ್ತಿಲು ದಾಟಲು ಬಿಡುತ್ತಿರಲಿಲ್ಲ, ಮತ್ತು ಉಸ್ತಾದರ ಬೆತ್ತಕ್ಕೆ ಕಾರಣ ಬೇಕಾಗಿರಲಿಲ್ಲ.)

ನಿಮ್ಮ ಭಾವಮೈದನ ನಗುವಿಗೆ ಉತ್ತರ ನಮ್ಮ ಗಾದೆಯಲ್ಲೇ ಇದೆ: ಉತ್ತರನ ಪೌರುಷ ಒಲೆಯ ಮುಂದೆ. ವಿರಾಟನ ಅಂತಃಪುರದಲ್ಲಿ ಹೆಂಗಸರ ನಡುವೆ ಕೌರವರನ್ನೆಲ್ಲ ಮಾತಿನಲ್ಲೇ ಸೀಳಿಹಾಕಿದ ರಾಜಕುಮಾರ, ಸೇನೆಯನ್ನು ಕಣ್ಣಾರೆ ಕಂಡಾಗ ರಥದಿಂದ ಧುಮುಕಿ ಓಡಿದ. ಅದೇ ಮನೆಯಲ್ಲಿ ಒಂದು ವರ್ಷ ಕಾಲ ಸೀರೆಯುಟ್ಟು, ಬಳೆ ತೊಟ್ಟು, ಬೃಹನ್ನಳೆ ಎನಿಸಿಕೊಂಡು ನಾಟ್ಯ ಹೇಳಿಕೊಡುತ್ತಿದ್ದವನು ಅರ್ಜುನ. ಆ ವರ್ಷವೆಲ್ಲ ಅವನಿಗೆ ತಾನು ಗಂಡೆಂದು ಯಾರಿಗೂ ತೋರಿಸಬೇಕೆನಿಸಲಿಲ್ಲ. ಈ ಪ್ರಸಂಗದಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಮುಂದಿನ ಭಾಗ. ಓಡಿಹೋಗುತ್ತಿದ್ದ ಉತ್ತರನನ್ನು ಹಿಡಿದು ತಂದ ಬೃಹನ್ನಳೆ ಅವನನ್ನು ಹಂಗಿಸುತ್ತಾ ಕೂರಲಿಲ್ಲ, ಅವನ ಕೈಗೆ ಕುದುರೆಗಳ ಲಗಾಮು ಕೊಟ್ಟ. ಹೆದರಿದ್ದ ಹುಡುಗ ಅದೇ ದಿನ ಅದೇ ಸೇನೆಯ ನಡುವೆ ರಥ ನಡೆಸಿದ. ಗಂಡಸುತನವೆಂಬುದನ್ನು ಪ್ರತಿದಿನ ಪ್ರತಿಯೊಬ್ಬರ ಎದುರು ರುಜುವಾತು ಮಾಡಬೇಕಾದ ಸಾಲವೆಂದು ತಿಳಿದವನು ಎಷ್ಟು ಪಟ್ಟು ಕಲಿತರೂ ಆ ಸಾಲ ತೀರುವುದಿಲ್ಲ; ಇಂದು ಕಾರಿನವನು, ನಾಳೆ ಭಾವಮೈದ, ನಾಡಿದ್ದು ಕಚೇರಿಯವರು ವಸೂಲಿಗೆ ಬರುತ್ತಲೇ ಇರುತ್ತಾರೆ. ಒಳ್ಳೆಯ ಗುರುವಿನ ಕೆಳಗೆ ಹತ್ತು ವರ್ಷ ಕಲಿತವರಲ್ಲಿ ನಾನು ಕಂಡದ್ದು ಆ ಸಾಲದ ಪತ್ರವನ್ನೇ ಮರೆತುಬಿಟ್ಟ ನಿರಾಳ. ಅವರು ಬಸ್ಸಿನಲ್ಲಿ ಕಾಲು ತುಳಿಸಿಕೊಂಡರೆ ಕಾಲು ಎಳೆದುಕೊಳ್ಳುತ್ತಾರೆ, ಅಷ್ಟೇ.

ಕಾನೂನಿನ ಮಾತನ್ನೂ ಸೇರಿಸುತ್ತೇನೆ, ಏಕೆಂದರೆ ನಿಮ್ಮ ಭಾವಮೈದನಿಗೆ ಅದು ಗೊತ್ತಿರಲಾರದು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಲ್ಲಿ ಆತ್ಮರಕ್ಷಣೆಯ ಹಕ್ಕು ಎಲ್ಲರಿಗೂ ಇದೆ. ಆದರೆ ರಕ್ಷಣೆಗೆ ಅಗತ್ಯವಾದಷ್ಟಕ್ಕಿಂತ ಹೆಚ್ಚಿನ ಹಾನಿ ಮಾಡುವ ಹಕ್ಕು ಅದರಲ್ಲಿ ಸೇರಿಲ್ಲ. ಕಾಲರ್ ಹಿಡಿದ ಕೈಯನ್ನು ಬಿಡಿಸಿಕೊಳ್ಳುವುದಕ್ಕೆ ಒಂದಿಷ್ಟು ಬಲ ಬಳಸಬಹುದಿತ್ತು. ಬೈಗುಳಕ್ಕೆ ಉತ್ತರವಾಗಿ ಅವನ ಮಂಡಿಗೆ ಒದ್ದಿದ್ದರೆ ಠಾಣೆಯ ಬೆಂಚಿನ ಮೇಲೆ ಕೂರುತ್ತಿದ್ದವರು ನೀವು, ಪಕ್ಕದಲ್ಲಿ ನಿಮ್ಮ ಹೆಂಡತಿ. ಬೀದಿಯ ಜಗಳದಲ್ಲಿ ಬಿದ್ದವನ ತಲೆ ಕಲ್ಲಿಗೆ ತಾಗಿದರೆ ಆಗುವುದನ್ನು ನಾನು ಬರೆಯಬೇಕಾಗಿಲ್ಲ; ಕಾಂಕ್ರೀಟಿನ ಮೇಲೆ ಯಾರಿಗೂ ಉಕೆಮಿ ಬರುವುದಿಲ್ಲ.

ಈಗ ಮಾಡಬೇಕಾದದ್ದು. ತರಗತಿಗೆ ಮರಳಿ ಹೋಗಿ, ನಡೆದುದನ್ನು ಗುರುಗಳಿಗೆ ಹೇಳಿ. ಅವರು ‘ಒಂದು ಬಾರಿಸಬೇಕಿತ್ತು’ ಎಂದರೆ ಬೇರೆ ಗುರುಗಳನ್ನು ಹುಡುಕಿ. ಬೈಗುಳವನ್ನು ಎದುರಿಸುವ ಅಭ್ಯಾಸವನ್ನೂ ಬೇಕೆಂದೇ ಮಾಡಬಹುದು: ಜೊತೆಯವನೊಬ್ಬನಿಗೆ ಕಾಲರ್ ಹಿಡಿದು ಬಾಯಿಗೆ ಬಂದಂತೆ ಬೈಯಲು ಹೇಳಿ, ನೀವು ಉಸಿರು ನಿಧಾನಗೊಳಿಸಿ ‘ಕೈ ತೆಗೀರಿ, ಮಾತಾಡೋಣ’ ಎಂಬುದನ್ನು ದೃಢವಾದ ಧ್ವನಿಯಲ್ಲಿ ಹೇಳುವುದನ್ನು ಮೂವತ್ತು ನಲವತ್ತು ಸಲ ಮಾಡಿ. ಮೊದಲ ಹತ್ತು ಸಲ ನಗು ಬರುತ್ತದೆ, ಅಡ್ಡಿಯಿಲ್ಲ. ನಿದ್ದೆ ಇನ್ನೂ ಒಂದು ತಿಂಗಳು ಸರಿಹೋಗದಿದ್ದರೆ, ಅಥವಾ ಹೈಸ್ಕೂಲಿನ ಹುಡುಗರ ಮುಖಗಳು ಮತ್ತೆ ಮತ್ತೆ ಕಣ್ಮುಂದೆ ಬರುತ್ತಿದ್ದರೆ, ಆಪ್ತಸಮಾಲೋಚಕರನ್ನೋ ಮನೋವೈದ್ಯರನ್ನೋ ಕಾಣಿ. ಆ ಗಾಯ ಸಿಗ್ನಲ್ಲಿನದಲ್ಲ, ಅದಕ್ಕಿಂತ ಹದಿನೈದು ವರ್ಷ ಹಳೆಯದು, ಗುದ್ದುವ ಚೀಲದಿಂದ ಅದು ವಾಸಿಯಾಗುವುದಿಲ್ಲ. ಅಪ್ಪನ ಜೊತೆ ಒಮ್ಮೆ ಮಾತನಾಡಿ ಎಂದೂ ಹೇಳುತ್ತಿದ್ದೆ, ಆದರೆ ಅದು ನಿಮಗೆ ಬಿಟ್ಟದ್ದು.

ಪ್ರಶ್ನೆ: ನಾನು ಪುತ್ತೂರಿನ ಸಮೀಪದವಳು, ಎಂ.ಎಸ್ಸಿ. ಓದುತ್ತಿದ್ದೇನೆ. ಆರು ವರ್ಷದಿಂದ ಕರಾಟೆ ಕಲಿಯುತ್ತಿದ್ದೇನೆ. ‘ಗಂಡುಬೀರಿಯ ಹಾಗೆ ಆಗಿದ್ದಾಳೆ, ಯಾರು ಮದುವೆಯಾಗುತ್ತಾರೆ’ ಎಂದು ಅಜ್ಜಿ ದಿನವೂ ಹೇಳುತ್ತಾರೆ. ಈಗ ಬಂದ ಸಂಬಂಧದವರೂ ‘ಇನ್ನು ಅದೆಲ್ಲ ಯಾಕೆ’ ಎಂದಿದ್ದಾರೆ. ಕರಾಟೆಯಿಂದ ಹೆಣ್ಣುಮಕ್ಕಳಲ್ಲಿ ಗಂಡುಗುಣ ಬರುತ್ತದೆಯೇ?
— ಓರ್ವ ಓದುಗಿ, ದಕ್ಷಿಣ ಕನ್ನಡ

ಉತ್ತರ: ನಿಮ್ಮ ಜಿಲ್ಲೆಯಿಂದ ರೈಲಿನಲ್ಲಿ ಕೆಲವೇ ಗಂಟೆಗಳ ದಾರಿ ಕೇರಳದ ವಡಕರ. ಅಲ್ಲಿಯ ಮೀನಾಕ್ಷಿ ಗುರುಕ್ಕಳ್ ಏಳನೆಯ ವಯಸ್ಸಿಗೆ ಕಳರಿಗೆ, ಅಂದರೆ ಕಳರಿಪಯಟ್ಟು ಸಮರಕಲೆಯ ಗರಡಿಗೆ, ಇಳಿದವರು, ತಮ್ಮ ಗುರುಗಳನ್ನೇ ಮದುವೆಯಾದವರು, ಅವರು ತೀರಿಕೊಂಡ ಮೇಲೆ ಅದೇ ಕಳರಿಯ ಮುಖ್ಯ ಗುರುವಾಗಿ ಸೀರೆಯ ಸೆರಗು ಬಿಗಿದು ಕತ್ತಿ ಗುರಾಣಿ ಹಿಡಿದು ಹೇಳಿಕೊಡುತ್ತಾ ಬಂದವರು. 2017ರಲ್ಲಿ ಪದ್ಮಶ್ರೀ ಬಂದಾಗ ಅವರಿಗೆ ಎಪ್ಪತ್ತು ದಾಟಿತ್ತು. ಅವರಲ್ಲಿ ಯಾವ ಗಂಡುಗುಣ ಬಂದಿದೆ ಎಂದು ಅಜ್ಜಿಯವರು ಹೇಳಿದರೆ ನನಗೂ ತಿಳಿಸಿ.

ನಿಮ್ಮ ಅಜ್ಜಿಯ ಮಾತಿನಲ್ಲಿ ಒಂದು ಪದವನ್ನು ಬಿಡಿಸಿ ನೋಡೋಣ. ಹೆದರದೆ ನೋಡುವುದು, ಗಟ್ಟಿಯಾಗಿ ‘ಬೇಡ’ ಎನ್ನುವುದು, ಮೈಯನ್ನು ಕುಗ್ಗಿಸದೆ ನಡೆಯುವುದು ಇವನ್ನೆಲ್ಲ ‘ಗಂಡು’ ಎಂಬ ಒಂದೇ ಚೀಲದಲ್ಲಿ ತುಂಬಿಟ್ಟಿದ್ದೇವೆ. ಆದ್ದರಿಂದಲೇ ಅವು ಇಲ್ಲದ ಹುಡುಗ ‘ಹೆಣ್ಣಿಗ’ನಾಗುತ್ತಾನೆ, ಇರುವ ಹುಡುಗಿ ‘ಗಂಡುಬೀರಿ’ಯಾಗುತ್ತಾಳೆ. ಮೇಲಿನ ಕಾಗದ ಬರೆದವರಿಗೂ ನಿಮಗೂ ತಾಗಿದ್ದು ಒಂದೇ ಕೋಲಿನ ಎರಡು ತುದಿ.

ನಿಮ್ಮಂಥವರ ಬಗ್ಗೆ ಒಳ್ಳೆಯ ಅಧ್ಯಯನವೂ ಇದೆ. ಎಲಿಜಬೆತ್ ಓಜರ್ ಮತ್ತು ಬಂಡೂರಾ 1990ರಲ್ಲಿ, ದಪ್ಪ ಕವಚ ತೊಟ್ಟ ಆಕ್ರಮಣಕಾರನನ್ನು ಪೂರ್ತಿ ಬಲದಿಂದ ಎದುರಿಸುವ ತರಬೇತಿ ಪಡೆದ 43 ಮಹಿಳೆಯರನ್ನು ಗಮನಿಸಿದರು. ಅವರಲ್ಲಿ ತಮ್ಮನ್ನು ಕಾಪಾಡಿಕೊಳ್ಳಬಲ್ಲೆವೆಂಬ ನಂಬಿಕೆ ಹೆಚ್ಚಿತು, ಭಯದ ಯೋಚನೆಗಳು ತಗ್ಗಿದವು, ಮೊದಲು ಹೋಗಲು ಹಿಂಜರಿಯುತ್ತಿದ್ದ ಕಡೆಗಳಿಗೆ ಓಡಾಡತೊಡಗಿದರು. ಹಾಗೆಂದು ಕರಾಟೆ ಎಲ್ಲದಕ್ಕೂ ಮದ್ದು ಎಂದುಕೊಳ್ಳಬೇಡಿ. 2023ರಲ್ಲಿ ದೆಹಲಿಯ ಜಂತರ್ ಮಂತರ್‌ನಲ್ಲಿ ಲೈಂಗಿಕ ಕಿರುಕುಳದ ದೂರು ಹೊತ್ತು ಧರಣಿ ಕುಳಿತವರಲ್ಲಿ 2016ರ ಒಲಿಂಪಿಕ್ಸಿನ ಕುಸ್ತಿಯಲ್ಲಿ ಕಂಚು ಗೆದ್ದ ಸಾಕ್ಷಿ ಮಲಿಕ್ ಇದ್ದರು. ಆ ಹೋರಾಟದಲ್ಲಿ ಅವರಿಗೆ ಬೇಕಾಗಿದ್ದ ಧೈರ್ಯ ಯಾವ ಪಟ್ಟಿನದೂ ಅಲ್ಲ.

ಸಂಬಂಧದವರ ಮಾತಿಗೆ: ‘ಯಾಕೆ’ ಎಂದು ಅವರು ಕೇಳಿದ್ದಾರೆ, ಅದು ಪ್ರಶ್ನೆಯೇ ಆಗಿದ್ದರೆ ಉತ್ತರ ಕೊಡಿ. ಹುಡುಗನನ್ನು ಒಂದು ದಿನ ತರಗತಿಗೆ ಕರೆದುಕೊಂಡು ಹೋಗಿ ಮೂಲೆಯ ಬೆಂಚಿನಲ್ಲಿ ಕೂರಿಸಿ. ಅವನು ನೋಡುವ ರೀತಿಯಿಂದ ನಿಮಗೆ ಬೇಕಾದ್ದು ಗೊತ್ತಾಗುತ್ತದೆ.

ಪ್ರಶ್ನೆ: ನನ್ನ ಮಗನಿಗೆ 9 ವರ್ಷ, ಬಹಳ ಸಂಕೋಚದ ಹುಡುಗ. ಹತ್ತಿರದ ತರಗತಿಯೊಂದರಲ್ಲಿ ‘ಹದಿನೆಂಟು ತಿಂಗಳಲ್ಲಿ ಬ್ಲ್ಯಾಕ್ ಬೆಲ್ಟ್, ಆತ್ಮವಿಶ್ವಾಸ ಗ್ಯಾರಂಟಿ’ ಎನ್ನುತ್ತಾರೆ. ಪ್ರತಿ ಬೆಲ್ಟಿಗೂ ಬೇರೆ ಶುಲ್ಕ. ಸೇರಿಸಬಹುದೇ?
— ಗೃಹಿಣಿ, ಶಿವಮೊಗ್ಗ

ಉತ್ತರ: ಕಲಿಸುವುದಕ್ಕೆ ಸೇರಿಸಿ, ಆ ತರಗತಿಗೆ ಬೇಡ. ಕಪ್ಪು ಪಟ್ಟಿಯ ಮೊದಲ ದರ್ಜೆಗೆ ಜಪಾನಿನವರು ‘ಶೋದಾನ್’ ಎನ್ನುತ್ತಾರೆ. ‘ಶೋ’ ಎಂದರೆ ಆರಂಭ. ಅಕ್ಷರಾಭ್ಯಾಸ ಮುಗಿಯಿತು, ಇನ್ನು ಓದು ಶುರುವಾಗಬೇಕು ಎಂಬಷ್ಟೇ ಅದರ ಅರ್ಥ, ಅದಕ್ಕೇ ಒಳ್ಳೆಯ ಶಾಲೆಗಳಲ್ಲಿ ಹಲವು ವರ್ಷ ಹಿಡಿಯುತ್ತದೆ. ಹಣ ಕಟ್ಟಿದವರಿಗೆಲ್ಲ ಪಟ್ಟಿ ಸಿಗುವ ಕಡೆ ಮಗು ಸೋಲುವುದೇ ಇಲ್ಲ. ಸೋಲದ ಮಗುವಿನ ಸಂಕೋಚ ಬೆಲ್ಟಿನ ಕೆಳಗೆ ಹಾಗೆಯೇ ಇರುತ್ತದೆ, ಜೊತೆಗೆ ಜಂಬವೊಂದು ಸೇರಿಕೊಳ್ಳುತ್ತದೆ.

ಅಮೆರಿಕದ ಒಂದು ಶಾಲೆಯಲ್ಲಿ ಲೇಕ್ಸ್ ಮತ್ತು ಹಾಯ್ಟ್ ಎಂಬ ಸಂಶೋಧಕರು 2004ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಟೇಕ್ವಾಂಡೋ ಕಲಿತ ಮಕ್ಕಳು ಸಾಮಾನ್ಯ ವ್ಯಾಯಾಮದ ತರಗತಿಯ ಮಕ್ಕಳಿಗಿಂತ ತಮ್ಮನ್ನು ಹತೋಟಿಯಲ್ಲಿಟ್ಟುಕೊಳ್ಳುವುದರಲ್ಲಿ ಮುಂದೆ ಬಂದರು. ಆದರೆ ಅಲ್ಲಿ ‘ನಾನು ಎಲ್ಲಿದ್ದೇನೆ, ಏನು ಮಾಡುತ್ತಿದ್ದೇನೆ, ಏನು ಮಾಡಬೇಕು’ ಎಂದು ಮಕ್ಕಳು ತಮ್ಮನ್ನೇ ಕೇಳಿಕೊಳ್ಳುವುದನ್ನು ಕಲಿಸಿದ್ದರು. ಆದ್ದರಿಂದ ಹಣ ಕಟ್ಟುವ ಮೊದಲು ಒಂದು ತರಗತಿಯನ್ನು ಪೂರ್ತಿ ಕುಳಿತು ನೋಡಿ. ಬಿದ್ದ ಮಗುವನ್ನು ಕಂಡು ಉಳಿದವರು ನಕ್ಕರೆ ಮೇಷ್ಟ್ರು ಏನು ಮಾಡುತ್ತಾರೆ? ನೆಲದ ಮೇಲೆ ದಪ್ಪ ಮ್ಯಾಟ್ ಇದೆಯೇ? ಈ ವಯಸ್ಸಿನ ಮಕ್ಕಳಿಗೆ ತಲೆಗೆ ಹೊಡೆಯುವ ಆಟ ಆಡಿಸುತ್ತಾರೆಯೇ? ಆಡಿಸಿದರೆ ಅಲ್ಲಿಂದಲೇ ಎದ್ದು ಬನ್ನಿ. ಮಗನಿಗೆ ಆರು ತಿಂಗಳ ಮೇಲೆ ಇಷ್ಟವಾಗದಿದ್ದರೆ ಬಿಡಿಸಿ ನಾಟಕಕ್ಕೋ ಈಜಿಗೋ ಸೇರಿಸಿ. ಸಂಕೋಚದ ಮಕ್ಕಳಿಗೆ ರಂಗದ ಮೇಲೆ ನಿಲ್ಲುವುದೂ ಒಂದು ಕುಸ್ತಿಯೇ. ಮತ್ತು ಸಂಕೋಚ ರೋಗವಲ್ಲ, ಮನೆಯಲ್ಲಿ ಬೇರೆಯವರಿಗೂ ಹೇಳಿ.

ಪ್ರಶ್ನೆ: ನಿವೃತ್ತನಾಗಿ ಒಂದು ವರ್ಷವಾಯಿತು. ಚಿಕ್ಕಂದಿನಿಂದ ಕುಸ್ತಿಯ ಹುಚ್ಚು, ಮನೆಯವರು ಬಿಡಲಿಲ್ಲ. 61ರಲ್ಲಿ ಏನಾದರೂ ಕಲಿಯಬಹುದೇ? ಮಗ ನಗುತ್ತಾನೆ.
— ಹುಬ್ಬಳ್ಳಿ

ಉತ್ತರ: ಕಲಿಯಬಹುದು, ಆದರೆ ಕುಸ್ತಿಯ ಜೋಡಿಗೆ ಇಳಿಯುವ ಮಾತು ಬೇಡ. ಹೃದಯ, ರಕ್ತದೊತ್ತಡ, ಮೂಳೆಯ ಸಾಂದ್ರತೆ ಇಷ್ಟನ್ನು ವೈದ್ಯರಲ್ಲಿ ತೋರಿಸಿಕೊಂಡು, ತೈ ಚಿ ಎಂಬ ನಿಧಾನ ಚಲನೆಯ ಚೀನೀ ವ್ಯಾಯಾಮ ಹೇಳಿಕೊಡುವವರು ಸಿಕ್ಕರೆ ಅದನ್ನು ಆರಂಭಿಸಿ. ಸಮತೋಲ ಸುಧಾರಿಸಿ ವಯಸ್ಸಾದವರು ಬೀಳುವುದು ಕಡಿಮೆಯಾಗುತ್ತದೆಂದು ಅದರ ಬಗ್ಗೆ ಸಾಕಷ್ಟು ಪುರಾವೆಯಿದೆ. ಜೂಡೋ ಮೇಷ್ಟ್ರು ಯಾರಾದರೂ ಇದ್ದರೆ ದಪ್ಪ ಚಾಪೆಯ ಮೇಲೆ, ಕುಳಿತ ನಿಲುವಿನಿಂದ ಹಿಂದಕ್ಕೆ ಉರುಳುವುದನ್ನಷ್ಟೇ ಹೇಳಿಕೊಡಲು ಕೇಳಿ. ಗರಡಿಯ ಆಸೆಗೆ ಬೆಳಿಗ್ಗೆ ಹೋಗಿ ಸಣ್ಣ ಗದೆಯೊಂದನ್ನು ತಿರುಗಿಸಿ, ಹುಡುಗರ ಜೋಡಿ ನೋಡಿ ಬನ್ನಿ. ಮಂಡಿ ನೋವಿದ್ದರೆ ಬಸ್ಕಿ ಹೊಡೆಯಬೇಡಿ, ಅದನ್ನು ಉಸ್ತಾದರಿಗೆ ಮೊದಲ ದಿನವೇ ಹೇಳಿಬಿಡಿ; ಹೇಳದಿದ್ದರೆ ಅವರು ಹೊಡೆಸಿಯೇ ಬಿಡುತ್ತಾರೆ.